ಬಿಸಿಲಿಗೆ ಬಳಲಿದ ಚರ್ಮ, ವಿಟಮಿನ್ ಸಿ ಮತ್ತು ಡಾ. ಪಿನೆಲ್ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಟಮಿನ್ ಸಿ ಸೀರಮ್ ಈಗ ಊರಿನ ಮೆಡಿಕಲ್ ಶಾಪ್‌ನಲ್ಲೂ ಸಿಗುತ್ತದೆ. ಮೊಬೈಲ್ ತೆರೆದರೆ ಅದರದೇ ಜಾಹೀರಾತು. ಆದರೆ ಅದರ ಹಿಂದೆ ದಶಕಗಳ ಪ್ರಯೋಗಶಾಲೆಯ ಕೆಲಸ ಇದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಆ ಕೆಲಸ ಏನನ್ನು ತೋರಿಸಿತು, ಏನನ್ನು ತೋರಿಸಲಿಲ್ಲ ಅಂತ ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ, ಚರ್ಮವೂ ಉಳಿಯುತ್ತದೆ. ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಡಾ. ಪಿನೆಲ್ ಅಂದರೆ ಯಾರು?

ಶೆಲ್ಡನ್ ಪಿನೆಲ್ ಅಮೆರಿಕದ ಚರ್ಮವೈದ್ಯರು. ನಾರ್ತ್ ಕ್ಯಾರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಚರ್ಮರೋಗ ವಿಭಾಗದ ಮುಖ್ಯಸ್ಥರಾಗಿದ್ದರು. 2013ರಲ್ಲಿ ತೀರಿಕೊಂಡರು.

ಅವರು ಮುಖದ ಕಾಂತಿ ಹುಡುಕುತ್ತಾ ಈ ದಾರಿಗೆ ಬಂದವರಲ್ಲ. ಅವರಿಗೆ ಬೇಕಿದ್ದದ್ದು ಕೊಲಾಜನ್. ಚರ್ಮ, ಕೀಲು, ಮೂಳೆಗೆಲ್ಲ ಬಿಗಿ ಕೊಡುವ ಪ್ರೋಟೀನ್ ಅದು. ಮೂರು ಎಳೆ ಹೊಸೆದ ಹಗ್ಗದ ಹಾಗೆ ಅದರ ರಚನೆ. 1972ರಲ್ಲಿ ಪಿನೆಲ್ ಮತ್ತು ಸಂಗಡಿಗರು ಒಂದು ಅಪರೂಪದ ಆನುವಂಶಿಕ ಕಾಯಿಲೆಯನ್ನು ವಿವರಿಸಿದರು. ಆ ಕಾಯಿಲೆ ಇದ್ದವರ ಕೊಲಾಜನ್‌ನಲ್ಲಿ ಹೈಡ್ರಾಕ್ಸಿಲೈಸಿನ್ ಎಂಬ ಅಂಶ ತೀರಾ ಕಡಿಮೆ. ಅದಿಲ್ಲದಿದ್ದರೆ ಎಳೆಗಳು ಒಂದಕ್ಕೊಂದು ಸರಿಯಾಗಿ ಬಿಗಿದುಕೊಳ್ಳುವುದಿಲ್ಲ. ಕೀಲು ಸಡಿಲವಾಗುತ್ತದೆ, ಬೆನ್ನು ಬಾಗುತ್ತದೆ.

ಆ ಅಂಶವನ್ನು ತಯಾರು ಮಾಡುವ ಕಿಣ್ವಕ್ಕೆ ವಿಟಮಿನ್ ಸಿ ಬೇಕೇ ಬೇಕು. ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿದ್ದವರಿಗೆ ಒಸಡಿನಲ್ಲಿ ರಕ್ತ ಸೋರಿ, ಹಳೆ ಗಾಯ ಬಿರಿಯುತ್ತಿದ್ದ ಸ್ಕರ್ವಿ ರೋಗಕ್ಕೂ ವಿಟಮಿನ್ ಸಿ ಕೊರತೆಯೇ ಕಾರಣ. 1981ರಲ್ಲಿ ಪಿನೆಲ್ ತಂಡ ಮನುಷ್ಯರ ಚರ್ಮದ ಜೀವಕೋಶಗಳನ್ನು ಬೆಳೆಸಿ, ಅವಕ್ಕೆ ವಿಟಮಿನ್ ಸಿ ಕೊಟ್ಟು ನೋಡಿತು. ಕೊಲಾಜನ್ ತಯಾರಿ ಸುಮಾರು 8 ಪಟ್ಟು ಹೆಚ್ಚಿತು. ಬೇರೆ ಪ್ರೋಟೀನ್‌ಗಳ ತಯಾರಿ ಹಾಗೆ ಹೆಚ್ಚಲಿಲ್ಲ. ಹೀಗೆ ಅಪರೂಪದ ಕಾಯಿಲೆಯೊಂದರ ಜಾಡು ಹಿಡಿದು ಹೋದವರು ಬಿಸಿಲಿನ ಪ್ರಶ್ನೆಗೆ ಬಂದು ನಿಂತರು.

ಬಿಸಿಲು ಚರ್ಮಕ್ಕೆ ನಿಜವಾಗಿ ಏನು ಮಾಡುತ್ತದೆ?

ಬಿಸಿಲಿನ ಕಾವಿಗಿಂತ ಕಣ್ಣಿಗೆ ಕಾಣದ ಅತಿನೇರಳೆ ಕಿರಣದಿಂದ ಆಗುವ ಹಾನಿ ಜಾಸ್ತಿ. ಅದರಲ್ಲಿ ನಮ್ಮನ್ನು ತಲುಪುವುದು ಎರಡು ಬಗೆ. ಯು.ವಿ.ಬಿ. ಕಿರಣ ಹೆಚ್ಚಾಗಿ ಮೇಲ್ಪದರದಲ್ಲೇ ನಿಲ್ಲುತ್ತದೆ. ಚರ್ಮ ಕೆಂಪಾಗಿ ಉರಿಯುವುದು ಮುಖ್ಯವಾಗಿ ಅದರಿಂದ. ಅದು ನೇರವಾಗಿ ಡಿ.ಎನ್.ಎ.ಗೇ ಪೆಟ್ಟು ಕೊಡುತ್ತದೆ. ಡಿ.ಎನ್.ಎ.ಯ ಅಕ್ಷರಗಳಲ್ಲಿ ಒಂದಾದ ಥೈಮಿನ್‌ನ ಅಕ್ಕಪಕ್ಕದ ಎರಡು ಕಣಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಜೀವಕೋಶ ಅದನ್ನು ಸರಿಪಡಿಸಿಕೊಳ್ಳಬಲ್ಲದು. ಪೆಟ್ಟು ಜಾಸ್ತಿಯಾದಾಗ ಕೆಲವು ತಪ್ಪುಗಳು ಹಾಗೇ ಉಳಿದುಬಿಡುತ್ತವೆ. ಚರ್ಮದ ಕ್ಯಾನ್ಸರ್‌ಗೆ ಬೀಜ ಬೀಳುವುದು ಅಲ್ಲಿ.

ಯು.ವಿ.ಎ. ಕಿರಣ ಇನ್ನೂ ಆಳಕ್ಕೆ, ಒಳಚರ್ಮಕ್ಕೆ ಇಳಿಯುತ್ತದೆ. ಅಲ್ಲಿ ಆಮ್ಲಜನಕದ ಅತಿ ಚುರುಕಾದ ರೂಪಗಳನ್ನು ಹುಟ್ಟಿಸುತ್ತದೆ. ಫ್ರೀ ರ‍್ಯಾಡಿಕಲ್ ಅನ್ನುವ ಮಾತು ಕೇಳಿರುತ್ತೀರಿ ಅಲ್ವಾ, ಅವೂ ಈ ಗುಂಪಿನವೇ. ಇವು ಕೊಬ್ಬು, ಪ್ರೋಟೀನ್, ಡಿ.ಎನ್.ಎ. ಎಲ್ಲವನ್ನೂ ಕೆಡಿಸುತ್ತವೆ. ಜೊತೆಗೆ ಕೊಲಾಜನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತವೆ. ಈ ಕೊನೆಯ ಸಂಗತಿಯನ್ನು 1990ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಗ್ಯಾರಿ ಫಿಶರ್, ಜಾನ್ ವೂರೀಸ್ ತಂಡ ಚೆನ್ನಾಗಿ ತೋರಿಸಿಕೊಟ್ಟಿತು. ಚರ್ಮ ಕೆಂಪಾಗದಷ್ಟು ಸಣ್ಣ ಪ್ರಮಾಣದ ಕಿರಣಕ್ಕೂ ಆ ಕಿಣ್ವಗಳು ಏಳುತ್ತವೆ. ಅಂದರೆ, ಉರಿ ಇಲ್ಲ ಅಂದ ಮಾತ್ರಕ್ಕೆ ಹಾನಿ ಇಲ್ಲ ಅಂತಲ್ಲ.

ಯು.ವಿ.ಎ. ಸಾಮಾನ್ಯ ಗಾಜನ್ನು ದಾಟುತ್ತದೆ. 2012ರಲ್ಲಿ ಒಂದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಅಮೆರಿಕನ್ ಒಬ್ಬರ ಫೋಟೊ ಬಂತು. ಅಲ್ಲಿ ಡ್ರೈವರ್ ಕೂರುವುದು ಎಡಗಡೆ. ಕಿಟಕಿ ಕಡೆಗಿದ್ದ ಎಡಗೆನ್ನೆ ದಪ್ಪಗಾಗಿ, ಆಳ ಸುಕ್ಕು ಬಿದ್ದು ಜೋತಿತ್ತು. ಬಲಗಡೆ ಅಷ್ಟಿರಲಿಲ್ಲ. ಒಂದೇ ಮನುಷ್ಯ, ಒಂದೇ ವಯಸ್ಸು, ಒಂದೇ ಊಟ. ಬೇರೆ ಇದ್ದದ್ದು ಬಿಸಿಲು ಮಾತ್ರ.

ನಮ್ಮದು ಕಂದು ಚರ್ಮ. ನಮಗೂ ಇದೆಲ್ಲ ಬೇಕಾ?

ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಒಳ್ಳೆಯ ರಕ್ಷಣೆ. ಹಾಗಾಗಿ ಬಿಳಿ ಚರ್ಮದವರಿಗೆ ಹೋಲಿಸಿದರೆ ನಮ್ಮಲ್ಲಿ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ಸುಕ್ಕೂ ತಡವಾಗಿ ಬೀಳುತ್ತದೆ. ಆದರೆ ಮೆಲನಿನ್ ಪೂರ್ತಿ ಗೋಡೆ ಅಲ್ಲ. ನಮ್ಮಲ್ಲಿ ಹಾನಿ ಬೇರೆ ರೂಪದಲ್ಲಿ ಕಾಣುತ್ತದೆ: ಕೆನ್ನೆಯ ಮೇಲೆ ಬಂಗು, ಅಲ್ಲಲ್ಲಿ ಕಪ್ಪು ಕಲೆ. ಬಂಗಿನ ವಿಷಯದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಪಾತ್ರ ವಹಿಸುತ್ತದೆ. ಅದಕ್ಕೇ ಬಂಗು ಇರುವವರಿಗೆ ಚರ್ಮವೈದ್ಯರು ಐರನ್ ಆಕ್ಸೈಡ್ ಇರುವ, ಮೈಬಣ್ಣದ ಛಾಯೆಯ ಸನ್‌ಸ್ಕ್ರೀನ್ ಹೇಳುವುದುಂಟು.

ಕರ್ನಾಟಕದಲ್ಲಿ ಬೇಸಿಗೆಯ ನಡುಮಧ್ಯಾಹ್ನ ಅತಿನೇರಳೆ ಕಿರಣದ ತೀವ್ರತೆ ಹೇಳುವ ಯು.ವಿ. ಸೂಚ್ಯಂಕ 11 ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ 3ರಿಂದಲೇ ಎಚ್ಚರ ವಹಿಸಿ ಅನ್ನುತ್ತದೆ. ಬೆಂಗಳೂರಿನ ತಂಪು ಗಾಳಿಗೆ ಮೋಸ ಹೋಗಬೇಡಿ, ತಂಪಿಗೂ ಅತಿನೇರಳೆ ಕಿರಣಕ್ಕೂ ಸಂಬಂಧವಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಇದು ಬೆಳ್ಳಗಾಗುವ ವಿಷಯ ಅಲ್ಲ. ನಿಮ್ಮ ಬಣ್ಣ ಯಾವುದೇ ಇರಲಿ, ಆ ಚರ್ಮ ಗಟ್ಟಿಯಾಗಿ, ಆರೋಗ್ಯವಾಗಿ ಉಳಿಯಬೇಕು. ಬಿಳುಪಿನ ಆಸೆಗೆ ಸ್ಟೀರಾಯ್ಡ್ ಬೆರೆತ ಕ್ರೀಮ್ ಹಚ್ಚಿ ಮುಖ ಕೆಡಿಸಿಕೊಂಡ ಹುಡುಗಿಯರನ್ನು ನಮ್ಮ ಚರ್ಮವೈದ್ಯರು ದಿನಾ ನೋಡುತ್ತಾರೆ. ಅವರ ಕಷ್ಟ ಕೇಳಿದರೆ ಸಂಕಟವಾಗುತ್ತದೆ.

ವಿಟಮಿನ್ ಸಿ ತಿಂದರೆ ಸಾಲದಾ? ಹಚ್ಚಬೇಕು ಯಾಕೆ?

ಹೆಚ್ಚಿನ ಪ್ರಾಣಿಗಳು ತಮಗೆ ಬೇಕಾದ ವಿಟಮಿನ್ ಸಿಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೆ ಆ ಶಕ್ತಿ ಇಲ್ಲ. ತಿನ್ನಲೇಬೇಕು. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನುವುದು ಒಳ್ಳೆಯದೇ. ಆದರೆ ಎಷ್ಟು ತಿಂದರೂ ಕರುಳು ಹೀರುವುದಕ್ಕೆ ಒಂದು ಮಿತಿ ಇದೆ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಇನ್ನೊಂದು ಕಡೆ, ಬಿಸಿಲು ಬಿದ್ದಾಗ ಚರ್ಮದಲ್ಲಿರುವ ವಿಟಮಿನ್ ಸಿ ಖರ್ಚಾಗುತ್ತಾ ಹೋಗುತ್ತದೆ. ಬೇಕಾದ ಹೊತ್ತಿಗೇ ಕಡಿಮೆಯಾಗುವ ಕಾವಲು ಅದು. ತಿಂದು ತುಂಬಿಸಲಾಗದ್ದನ್ನು ಹೊರಗಿನಿಂದ ತುಂಬಿಸಬಹುದಾ ಅನ್ನುವುದೇ ಪಿನೆಲ್ ಹಿಡಿದ ಪ್ರಶ್ನೆ.

ಅವರು ಕಂಡುಕೊಂಡದ್ದು ಏನು?

ಮೊದಲ ತೊಡಕು, ಚರ್ಮ ಇರುವುದೇ ಹೊರಗಿನದನ್ನು ಒಳಗೆ ಬಿಡದೆ ಇರುವುದಕ್ಕೆ. ವಿಟಮಿನ್ ಸಿ ನೀರಿನಲ್ಲಿ ಕರಗುವ, ವಿದ್ಯುದಂಶ ಹೊತ್ತ ಅಣು. ಎಣ್ಣೆಯಂಶ ತುಂಬಿದ ಮೇಲ್ಪದರ ಅದನ್ನು ಒಳಗೆ ಸೇರಿಸುವುದಿಲ್ಲ. ಹುಳಿ ಹೆಚ್ಚಿಸಿದರೆ ಆ ವಿದ್ಯುದಂಶ ಹೋಗುತ್ತದೆ, ಆಗ ಒಳಗೆ ಇಳಿಯುತ್ತದೆ. 2001ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ದ್ರಾವಣದ ಪಿ.ಎಚ್. (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 3.5ಕ್ಕಿಂತ ಕಡಿಮೆ ಇರಬೇಕು. ಪ್ರಮಾಣ ಶೇ. 20ರವರೆಗೆ ಹೆಚ್ಚಿದಂತೆ ಹೀರಿಕೆಯೂ ಹೆಚ್ಚುತ್ತದೆ. ಅದಕ್ಕೂ ಮೇಲೆ ಹೋದರೆ ಲಾಭ ಇಲ್ಲ. ದಿನಕ್ಕೊಂದು ಸಲದಂತೆ ಮೂರು ದಿನ ಹಚ್ಚಿದರೆ ಚರ್ಮ ತುಂಬಿಕೊಳ್ಳುತ್ತದೆ. ಒಮ್ಮೆ ಸೇರಿದ್ದು ಅರ್ಧಕ್ಕೆ ಇಳಿಯಲು ಸುಮಾರು 4 ದಿನ ಬೇಕು. ಒಳಗೆ ಸೇರಿಕೊಂಡದ್ದು ತೊಳೆದರೂ ಹೋಗುವುದಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು. ಕೆಡದೆ ಉಳಿಯಲಿ ಅಂತ ಕಂಪನಿಗಳು ಬಳಸುವ ವಿಟಮಿನ್ ಸಿಯ ಕೆಲವು ಬದಲಿ ರೂಪಗಳನ್ನೂ ಪರೀಕ್ಷಿಸಿದರು. ಮೆಗ್ನೀಸಿಯಂ ಆಸ್ಕಾರ್ಬಿಲ್ ಫಾಸ್ಫೇಟ್, ಆಸ್ಕಾರ್ಬಿಲ್ ಪಾಲ್ಮಿಟೇಟ್ ಅಂತಹವು. ಅವನ್ನು ಹಚ್ಚಿದರೆ ಚರ್ಮದಲ್ಲಿ ವಿಟಮಿನ್ ಸಿ ಪ್ರಮಾಣ ಏರಲಿಲ್ಲ. ಬಾಟಲಿಯ ಮೇಲೆ 'ವಿಟಮಿನ್ ಸಿ' ಅಂತ ಇದ್ದ ಮಾತ್ರಕ್ಕೆ ಅದು ಚರ್ಮದೊಳಗೆ ಹೋಗುತ್ತದೆ ಅಂತಲ್ಲ. ನನ್ನ ಪ್ರಕಾರ ಕೊಳ್ಳುವವರಿಗೆ ಅವರ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಇದು.

ಹಾಗಾದರೆ ನಿಂಬೆಹಣ್ಣು ಉಜ್ಜಿಕೊಂಡರೆ ಆಯ್ತಲ್ಲ? ಅದೂ ಹುಳಿ, ಅದರಲ್ಲೂ ವಿಟಮಿನ್ ಸಿ ಇದೆ.

ದಯವಿಟ್ಟು ಬೇಡ. ಲೆಕ್ಕ ನೋಡಿ. 100 ಗ್ರಾಂ ನಿಂಬೆರಸದಲ್ಲಿ ವಿಟಮಿನ್ ಸಿ ಇರುವುದು ಸುಮಾರು 40ರಿಂದ 50 ಮಿಲಿಗ್ರಾಂ. ಅಂದರೆ ಶೇ. 0.05ರ ಆಸುಪಾಸು. ಪಿನೆಲ್ ತಂಡ ಬಳಸಿದ್ದು ಶೇ. 15. ಮುನ್ನೂರು ಪಟ್ಟು ವ್ಯತ್ಯಾಸ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ನಿಂಬೆಯ ಜಾತಿಯ ಹಣ್ಣುಗಳಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯುರೊಕುಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿದ್ದಾಗ ಯು.ವಿ.ಎ. ಬಿದ್ದರೆ ಡಿ.ಎನ್.ಎ.ಗೇ ಅಂಟಿಕೊಳ್ಳುತ್ತವೆ. ಒಂದೆರಡು ದಿನದಲ್ಲಿ ಚರ್ಮ ಕೆಂಪಾಗಿ ಗುಳ್ಳೆ ಏಳುತ್ತದೆ. ಆಮೇಲೆ ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ. ಕಲೆ ಹೋಗಲಿ ಅಂತ ನಿಂಬೆ ಹಚ್ಚಿ ಬಿಸಿಲಿಗೆ ಹೋದವರಿಗೆ ಹೊಸ ಕಲೆ ಬರುವುದು ಹೀಗೆ. ನಿಂಬೆ ಪಾನಕದಲ್ಲಿರಲಿ, ಚಿತ್ರಾನ್ನದಲ್ಲಿರಲಿ.

ಫೆರುಲಿಕ್ ಆಮ್ಲ ಅಂದರೆ ಏನು? ಅದು ರಾಗಿಯಲ್ಲಿ ಇದೆಯಂತೆ ನಿಜಾನಾ?

ನಿಜ. ಅಕ್ಕಿ ತೌಡು, ಗೋಧಿ ತೌಡು, ಓಟ್ಸ್, ರಾಗಿ, ಎಲ್ಲದರಲ್ಲೂ ಇದೆ. ಗಿಡಗಳು ತಮ್ಮ ಕೋಶಗಳ ಗೋಡೆಯನ್ನು ಗಟ್ಟಿ ಮಾಡಿಕೊಳ್ಳಲು ಇದನ್ನು ಬಳಸುತ್ತವೆ. 1866ರಲ್ಲಿ ಇದನ್ನು ಮೊದಲು ಬೇರ್ಪಡಿಸಿದ್ದು ಇಂಗಿನಿಂದ. ರಾಗಿಯ ಹೊರಪದರದಲ್ಲಿ ಇಂತಹ ಫೆನಾಲಿಕ್ ಆಮ್ಲಗಳು ಹೆಚ್ಚು, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಅವುಗಳ ಗುಣವನ್ನು ಅಧ್ಯಯನ ಮಾಡಿದ್ದಾರೆ.

ಪಿನೆಲ್‌ಗೆ ಇದು ಬೇಕಾದದ್ದು ಬೇರೆ ಕಾರಣಕ್ಕೆ. ವಿಟಮಿನ್ ಸಿ ದ್ರಾವಣ ಗಾಳಿ, ಬೆಳಕು ತಾಗಿದರೆ ಬೇಗ ಕೆಡುತ್ತದೆ. 2003ರಲ್ಲಿ ಅವರ ತಂಡ ಶೇ. 15 ವಿಟಮಿನ್ ಸಿ ಜೊತೆ ಶೇ. 1 ವಿಟಮಿನ್ ಇ ಸೇರಿಸಿ ನೋಡಿತ್ತು. ಎರಡೂ ಜೊತೆಯಾದರೆ ಕೆಲಸ ಚೆನ್ನ. ಇ ಕೊಬ್ಬಿನ ಭಾಗವನ್ನು ಕಾಯುತ್ತದೆ, ಅದು ಸೋತಾಗ ಸಿ ಅದನ್ನು ಮತ್ತೆ ಎಬ್ಬಿಸುತ್ತದೆ. ಹಂದಿ ಚರ್ಮದಲ್ಲಿ ಬಿಸಿಲಿನ ವಿರುದ್ಧ ರಕ್ಷಣೆ 4 ಪಟ್ಟು ಸಿಕ್ಕಿತು. 2005ರಲ್ಲಿ ಶೇ. 0.5 ಫೆರುಲಿಕ್ ಆಮ್ಲ ಸೇರಿಸಿದರು. ಕೆಡದಂತೆ ಕಾಯುವುದು ಮುಖ್ಯ ಉದ್ದೇಶವಾಗಿತ್ತು. ಅದು ಆಯಿತು, ಜೊತೆಗೆ ರಕ್ಷಣೆಯೂ 4 ಪಟ್ಟಿನಿಂದ ಸುಮಾರು 8 ಪಟ್ಟಿಗೆ ಏರಿತು. ಈಗ ಎಷ್ಟೋ ಸೀರಮ್‌ಗಳ ಮೇಲೆ 'ಸಿ, ಇ, ಫೆರುಲಿಕ್' ಅಂತ ಕಾಣುವುದು ಈ ಕೆಲಸದಿಂದ.

ಮುದ್ದೆ ಉಂಡರೆ ಬಿಸಿಲಿನಿಂದ ಇಂತಹ ರಕ್ಷಣೆ ಸಿಗುತ್ತದೆ ಅಂತ ಮಾತ್ರ ತಿಳಿಯಬೇಡಿ. ಧಾನ್ಯದಲ್ಲಿರುವ ಫೆರುಲಿಕ್ ಬಹುಪಾಲು ನಾರಿಗೆ ಅಂಟಿಕೊಂಡಿರುತ್ತದೆ, ಪ್ರಯೋಗ ನಡೆದದ್ದು ಹಚ್ಚುವ ದ್ರಾವಣದ ಮೇಲೆ. ರಾಗಿ ಹಿಟ್ಟನ್ನು ಮುಖಕ್ಕೆ ಮೆತ್ತಿದರೂ ಅಷ್ಟೇ.

ಹಂದಿ ಮೇಲೆ ಮಾಡಿದ ಪ್ರಯೋಗ ನಮಗೆ ಹೇಗೆ ಅನ್ವಯಿಸುತ್ತದೆ?

ಕೂದಲು ಕಡಿಮೆ ಇರುವುದು, ಮೇಲ್ಪದರದ ದಪ್ಪ, ಹೀರುವ ರೀತಿ, ಈ ವಿಷಯಗಳಲ್ಲಿ ಹಂದಿಯ ಚರ್ಮ ಮನುಷ್ಯರ ಚರ್ಮಕ್ಕೆ ಇಲಿಯ ಚರ್ಮಕ್ಕಿಂತ ಬಹಳ ಹತ್ತಿರ. ಆದರೂ ಹತ್ತಿರ ಅಷ್ಟೇ. 2008ರಲ್ಲಿ ಇದೇ ಮಿಶ್ರಣವನ್ನು ಮನುಷ್ಯರ ಮೇಲೂ ಪರೀಕ್ಷಿಸಿದರು. ಹಚ್ಚಿದ ಜಾಗದಲ್ಲಿ ಕೆಂಪಾಗುವುದು ಕಡಿಮೆ, ಡಿ.ಎನ್.ಎ.ಯ ಥೈಮಿನ್ ಪೆಟ್ಟೂ ಕಡಿಮೆ. ಆದರೆ ಭಾಗವಹಿಸಿದವರು ಬೆರಳೆಣಿಕೆಯಷ್ಟು ಜನ. ಬೆಳಕು ಬಿಸಿಲಿನಂತೆ ತಯಾರಿಸಿದ ದೀಪದ್ದು. ಅವಧಿ ಕೆಲವೇ ದಿನ.

ಅವರೇ ಕಂಪನಿ ಜೊತೆ ಇದ್ದರಂತೆ. ನಂಬಬಹುದಾ?

ಪಿನೆಲ್ ಸ್ಕಿನ್‌ಸ್ಯುಟಿಕಲ್ಸ್ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು. 2005ರಲ್ಲಿ ಅದನ್ನು ಫ್ರಾನ್ಸಿನ ಲೋರಿಯಲ್ ಕೊಂಡುಕೊಂಡಿತು. ಅಂದರೆ ಫಲಿತಾಂಶ ಚೆನ್ನಾಗಿ ಬಂದರೆ ಅವರಿಗೆ ಲಾಭ ಇತ್ತು. ಇದನ್ನು ಮುಚ್ಚಿಡಬೇಕಿಲ್ಲ, ಸುಮ್ನೆ ದೂಷಿಸಲೂ ಬೇಕಿಲ್ಲ. ಕೊಲಾಜನ್ ಕೆಲಸ ಗಟ್ಟಿ. ಹೀರಿಕೆಯ ಕೆಲಸದಲ್ಲಿ ಅಂಕಿಗಳು ಸ್ಪಷ್ಟ. ಆದರೆ 'ಎಂಟು ಪಟ್ಟು ರಕ್ಷಣೆ' ಅನ್ನುವ ಮಾತನ್ನು ಜಾಹೀರಾತಿನಲ್ಲಿ ನೋಡಿದಾಗ ಅದು ಯಾರ ಚರ್ಮ, ಎಷ್ಟು ದಿನ, ಎಷ್ಟು ಜನ ಅಂತ ಕೇಳಿಕೊಳ್ಳಿ.

ಸೀರಮ್ ಹಚ್ಚಿದರೆ ಸನ್‌ಸ್ಕ್ರೀನ್ ಬಿಡಬಹುದಾ?

ಇಲ್ಲ. ವಿಟಮಿನ್ ಸಿ ಕಿರಣವನ್ನು ತಡೆಯುವುದಿಲ್ಲ. ಕಿರಣ ಒಳಗೆ ಬಂದ ಮೇಲೆ ಹುಟ್ಟುವ ಕೆಡುಕನ್ನು ತಗ್ಗಿಸುತ್ತದೆ, ಅಷ್ಟೇ. ಪಿನೆಲ್ ಕೂಡ ಅದನ್ನು ಸನ್‌ಸ್ಕ್ರೀನ್ ಜೊತೆಗಿನ ಎರಡನೇ ಕಾವಲು ಅಂತಲೇ ನೋಡಿದರು.

ಸನ್‌ಸ್ಕ್ರೀನ್ ಹಿಂದಿರುವ ಪುರಾವೆಯ ತೂಕವೇ ಬೇರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ನ್ಯಾಂಬರ್ ಎಂಬ ಊರಿನಲ್ಲಿ ಅಡೆಲ್ ಗ್ರೀನ್ ಅವರ ತಂಡ 1992ರಿಂದ 1996ರವರೆಗೆ 1,621 ಜನರ ಮೇಲೆ ಪ್ರಯೋಗ ನಡೆಸಿತು. ಕೆಲವರಿಗೆ ದಿನಾ ಸನ್‌ಸ್ಕ್ರೀನ್ ಹಚ್ಚಲು ಹೇಳಿದರು, ಉಳಿದವರು ಎಂದಿನಂತೆ ತಮಗೆ ತೋಚಿದ ಹಾಗೆ. ಜೊತೆಗೆ ಕೆಲವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆ, ಕೆಲವರಿಗೆ ಔಷಧಿಯೇ ಇಲ್ಲದ ಉತ್ತುತ್ತು ಮಾತ್ರೆ. ದಿನಾ ಹಚ್ಚಿದವರಲ್ಲಿ ಸ್ಕ್ವೇಮಸ್ ಸೆಲ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇ. 40 ಕಡಿಮೆ. 2013ರ ವರದಿಯಲ್ಲಿ ಚರ್ಮಕ್ಕೆ ವಯಸ್ಸಾಗುವುದೂ ಶೇ. 24 ಕಡಿಮೆ ಅಂತ ಕಂಡಿತು. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್? ಅದರಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಅದೇ ಬೀಟಾ ಕ್ಯಾರೊಟಿನ್ ಮಾತ್ರೆಯನ್ನು ಫಿನ್‌ಲ್ಯಾಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಯಿತು ಅಂತ 1994ರಲ್ಲಿ ಗೊತ್ತಾಯಿತು. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ಸುರಕ್ಷಿತ ಅಂತ ತಿಳಿದವರು ಈ ಎರಡು ಪ್ರಯೋಗಗಳನ್ನು ನೆನಪಿಡಬೇಕು.

ನ್ಯಾಂಬರ್‌ನಂತಹ ದೊಡ್ಡ, ವರ್ಷಗಟ್ಟಲೆ ನಡೆದ ಪ್ರಯೋಗದ ಬಲ ಸೀರಮ್‌ಗಳಿಗೆ ಇಲ್ಲ. ಒಂದನ್ನೇ ಕೊಳ್ಳಲು ದುಡ್ಡಿದ್ದರೆ ಸನ್‌ಸ್ಕ್ರೀನ್ ಕೊಳ್ಳಿ. ಉರಿಯಿಂದ ಎಷ್ಟು ರಕ್ಷಣೆ ಅಂತ ಹೇಳುವ ಎಸ್.ಪಿ.ಎಫ್. 30 ಅಥವಾ ಹೆಚ್ಚು ಇರಲಿ, ಯು.ವಿ.ಎ. ರಕ್ಷಣೆ ತೋರಿಸುವ ಪಿ.ಎ. ಗುರುತೂ ಇರಲಿ. ಮುಖ, ಕತ್ತಿಗೆ ಎರಡು ಬೆರಳುದ್ದ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

ಸೀರಮ್ ತಗೊಳ್ಳುವುದೇ ಆದರೆ ಏನು ನೋಡಬೇಕು?

ಪಟ್ಟಿಯಲ್ಲಿ ಎಲ್-ಆಸ್ಕಾರ್ಬಿಕ್ ಆ್ಯಸಿಡ್ ಅಂತ ಇರಬೇಕು, ಪ್ರಮಾಣ ಶೇ. 10ರಿಂದ 20. ಬಾಟಲಿ ಗಾಢ ಬಣ್ಣದ್ದಾಗಿರಬೇಕು, ಮುಚ್ಚಳ ಬಿಗಿ ಇರಬೇಕು. ಕಡು ಕಂದು ಬಣ್ಣಕ್ಕೆ ತಿರುಗಿದರೆ ಕೆಟ್ಟಿದೆ ಅಂತ ಅರ್ಥ, ಎಸೆಯಿರಿ. ಬೆಳಿಗ್ಗೆ ಮುಖ ತೊಳೆದು ಒಣಗಿದ ಮೇಲೆ ಸೀರಮ್, ಆಮೇಲೆ ಸನ್‌ಸ್ಕ್ರೀನ್. ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಕೆಲವು ದಿನ ನೋಡಿ. ಹುಳಿ ಜಾಸ್ತಿ ಇರುವುದರಿಂದ ಸ್ವಲ್ಪ ಚುರುಗುಟ್ಟಬಹುದು. ಉರಿ ನಿಲ್ಲದಿದ್ದರೆ ಬಿಟ್ಟುಬಿಡಿ, ಯಾಕೆಂದರೆ ಕಂದು ಚರ್ಮದಲ್ಲಿ ಪ್ರತಿ ಉರಿಯೂ ಕಪ್ಪು ಕಲೆ ಬಿಡಬಹುದು.

ಅರಿಶಿನ, ಲೋಳೆಸರ, ಕೊಬ್ಬರಿ ಎಣ್ಣೆ?

ಅರಿಶಿನದ ಕರ್ಕ್ಯುಮಿನ್ ಪ್ರಯೋಗಶಾಲೆಯಲ್ಲಿ ಒಳ್ಳೆಯ ಆ್ಯಂಟಿ ಆಕ್ಸಿಡೆಂಟ್. ಆದರೆ ಬೆಳಕಿಗೆ ತಾನೇ ಒಡೆದುಹೋಗುತ್ತದೆ. ಲೋಳೆಸರ ಉರಿ ಬಂದ ಮೇಲೆ ತಂಪು ಕೊಡುತ್ತದೆ, ಉರಿ ಬರದಂತೆ ತಡೆಯುವುದಿಲ್ಲ. ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಹಿತ, ಬಿಸಿಲಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಬೇರೆ ಯಾವ ನೈಸರ್ಗಿಕ ವಸ್ತುಗಳ ಮೇಲೆ ಗಟ್ಟಿ ಕೆಲಸ ನಡೆದಿದೆ?

ಎರಡು ಹೇಳುತ್ತೇನೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ಅವರ ತಂಡ 1992ರಲ್ಲಿ ಬ್ರೊಕೊಲಿಯಿಂದ ಸಲ್ಫೊರಾಫೇನ್ ಬೇರ್ಪಡಿಸಿತು. 2007ರಲ್ಲಿ ಮೂರು ದಿನದ ಬ್ರೊಕೊಲಿ ಮೊಳಕೆಯ ಸಾರವನ್ನು ಆರು ಜನರ ಚರ್ಮಕ್ಕೆ ಹಚ್ಚಿ ಪರೀಕ್ಷಿಸಿದರು. ಕೆಂಪಾಗುವುದು ಸರಾಸರಿ ಶೇ. 37.7 ಕಡಿಮೆಯಾಯಿತು. ಆದರೆ ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ಭಾರಿ ಇತ್ತು. ಇದರ ಕೆಲಸದ ರೀತಿ ನನಗೆ ಬಹಳ ಇಷ್ಟ. ಅದು ತಾನೇ ಹೋಗಿ ಹೋರಾಡುವುದಿಲ್ಲ, ಜೀವಕೋಶದ ಸ್ವಂತ ರಕ್ಷಣಾ ಕಿಣ್ವಗಳನ್ನು ಎಬ್ಬಿಸುತ್ತದೆ. ಹಾಗಾಗಿ ಸಾರ ಹೋದ ಮೇಲೂ ರಕ್ಷಣೆ ಕೆಲವು ದಿನ ಉಳಿಯುತ್ತದೆ.

ಇನ್ನೊಂದು, ವಿಟಮಿನ್ ಬಿ3ರ ಒಂದು ರೂಪವಾದ ನಿಕೋಟಿನಮೈಡ್. ಸಿಡ್ನಿಯ ಡಯೋನಾ ಡೇಮಿಯನ್ ಅವರ ತಂಡ ಅದಾಗಲೇ ಚರ್ಮದ ಕ್ಯಾನ್ಸರ್ ಆಗಿದ್ದ 386 ಜನರ ಮೇಲೆ ಪ್ರಯೋಗ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿತು. ದಿನಕ್ಕೆರಡು ಸಲ 500 ಮಿಲಿಗ್ರಾಂ, ಒಂದು ವರ್ಷ. ಮೆಲನೋಮ (ಬಣ್ಣ ತಯಾರಿಸುವ ಕೋಶಗಳಲ್ಲಿ ಹುಟ್ಟುವ ಚರ್ಮದ ಕ್ಯಾನ್ಸರ್) ಅಲ್ಲದ ಹೊಸ ಕ್ಯಾನ್ಸರ್‌ಗಳು ಶೇ. 23 ಕಡಿಮೆ. ಮಾತ್ರೆ ನಿಲ್ಲಿಸಿದ ಮೇಲೆ ಆ ಲಾಭ ಉಳಿಯಲಿಲ್ಲ. ಅಂಗಾಂಗ ಕಸಿ ಮಾಡಿಸಿಕೊಂಡವರ ಮೇಲೆ 2023ರಲ್ಲಿ ಬಂದ ಇನ್ನೊಂದು ಪ್ರಯೋಗದಲ್ಲಿ ಲಾಭ ಕಾಣಲೇ ಇಲ್ಲ. ಇದು ಅಪಾಯ ಹೆಚ್ಚಿರುವವರಿಗೆ ವೈದ್ಯರು ನಿರ್ಧರಿಸಬೇಕಾದ ಮಾತ್ರೆ, ಎಲ್ಲರೂ ಅಂಗಡಿಯಿಂದ ತಂದು ನುಂಗುವಂಥದ್ದಲ್ಲ.

ಹೊಲದಲ್ಲಿ, ರಸ್ತೆಯಲ್ಲಿ ದುಡಿಯುವವರಿಗೆ ಇದರಿಂದ ಏನು ಸಿಗುತ್ತದೆ?

ಸೀರಮ್‌ನಿಂದ ಹೆಚ್ಚೇನಿಲ್ಲ. ದಿನವಿಡೀ ಬೆವರು ಸುರಿಯುವ ಕೆಲಸದಲ್ಲಿ ದುಬಾರಿ ಬಾಟಲಿ ಉತ್ತರವಲ್ಲ. ಬಟ್ಟೆ ಉತ್ತರ. ನಮ್ಮ ಹೊಲಗಳಲ್ಲಿ ಹೆಂಗಸರು ಸೀರೆ ಮೇಲೆ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿ ಕಳೆ ಕೀಳುತ್ತಾರಲ್ಲ, ಅದು ಒಳ್ಳೆಯ ರಕ್ಷಣೆ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ತೆಳು ಬಿಳಿ ಬಟ್ಟೆಗಿಂತ ಹೆಚ್ಚು ಕಿರಣ ತಡೆಯುತ್ತದೆ. ಒದ್ದೆಯಾದ ತೆಳು ಹತ್ತಿ ಬಟ್ಟೆಯಲ್ಲಿ ರಕ್ಷಣೆ ಇಳಿಯುತ್ತದೆ. ಟ್ರಾಫಿಕ್ ಪೊಲೀಸರು, ಪೌರಕಾರ್ಮಿಕರು, ಡೆಲಿವರಿ ಹುಡುಗರು, ಇವರಿಗೆ ನೆರಳು, ಅಗಲ ಅಂಚಿನ ಟೋಪಿ, ನಡುಮಧ್ಯಾಹ್ನ ಬಿಡುವು ಕೊಡುವುದು ಕೆಲಸ ಕೊಟ್ಟವರ ಹೊಣೆ. ಬಿಸಿಲು ಹೆಚ್ಚು ಬೀಳುವವರ ಬಗ್ಗೆ ಚರ್ಮದ ಆರೈಕೆಯ ಲೋಕದಲ್ಲಿ ಮಾತು ಕಡಿಮೆ. ಇದು ಬದಲಾಗಬೇಕು.

ಈಗಾಗಲೇ ಆದ ಹಾನಿ ಸರಿ ಹೋಗುತ್ತದಾ?

ಸ್ವಲ್ಪ. ಬಿಸಿಲಿನಿಂದ ಕಾಪಾಡಿಕೊಂಡರೆ ಚರ್ಮ ತಾನೇ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಸುಕ್ಕಿಗೆ ಹಚ್ಚುವ ಔಷಧಿಗಳಲ್ಲಿ ಹೆಚ್ಚು ಪುರಾವೆ ಇರುವುದು ವಿಟಮಿನ್ ಎ ಗುಂಪಿನ ಟ್ರೆಟಿನಾಯಿನ್‌ಗೆ. ಅದು ವೈದ್ಯರ ಚೀಟಿ ಮೇಲೆ, ರಾತ್ರಿ ಹೊತ್ತು ಹಚ್ಚುವಂಥದ್ದು. ಗರ್ಭಿಣಿಯರು ಬಳಸಬಾರದು. ಆಳವಾಗಿ ಬಿದ್ದ ಸುಕ್ಕು, ಜೋತ ಚರ್ಮ ಯಾವ ಕ್ರೀಮಿಗೂ ಪೂರ್ತಿ ಬಗ್ಗುವುದಿಲ್ಲ.

ಯಾವಾಗ ಡಾಕ್ಟರ್ ಹತ್ತಿರ ಹೋಗಲೇಬೇಕು?

ನಾಲ್ಕಾರು ವಾರವಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಬರುವ ಗಂಟು, ಆಕಾರ ಅಥವಾ ಬಣ್ಣ ಬದಲಾಗುವ ಮಚ್ಚೆ, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬೇಡಿ. ಕಂದು ಚರ್ಮದವರಿಗೆ ಬರುವ ಮೆಲನೋಮ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಕಾಣಿಸಿಕೊಳ್ಳುತ್ತದೆ. ಅದಕ್ಕೂ ಬಿಸಿಲಿಗೂ ಸಂಬಂಧ ಕಡಿಮೆ, ಹಾಗಾಗಿ ಸನ್‌ಸ್ಕ್ರೀನ್ ಹಚ್ಚುವವರೂ ನೋಡಿಕೊಳ್ಳಬೇಕು. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು ಅಗಲವಾಗುತ್ತಿರುವ ಕಪ್ಪು ಗೆರೆ, ಹಿಮ್ಮಡಿಯಲ್ಲಿ ಹರಡುತ್ತಿರುವ ಕಪ್ಪು ಮಚ್ಚೆ ಇದ್ದರೆ ಚರ್ಮವೈದ್ಯರಿಗೆ ತೋರಿಸಿ. ಮನೆಯಲ್ಲಿರುವ ಹಿರಿಯರ ಪಾದವನ್ನೂ ಒಮ್ಮೆ ನೋಡಿ, ಅವರು ಬಗ್ಗಿ ನೋಡಿಕೊಳ್ಳುವುದು ಕಷ್ಟ.